ಜೊತೆಗೆ ಹೋದವರ ಪಾಡು

ಅರಸೀಕೆರೆಯ ಕೊಬ್ಬರಿ ವ್ಯಾಪಾರಿಗಳ ಮನೆ, ಬೇಲೂರು ಕಡೆಯ ಸಣ್ಣ ಕಾಫಿ ತೋಟದವರ ಮನೆ, ಹಳೇಬೀಡಿನ ಮೇಷ್ಟರ ಮನೆ: ಈಗ ಎಲ್ಲಿಗೆ ಹೋದರೂ ಹೊರದೇಶದಲ್ಲಿರುವ ಒಬ್ಬ ಮಗಳೋ ಸೊಸೆಯೋ ಮಾತಿನಲ್ಲಿ ಬರುತ್ತಾಳೆ. ಅವಳು ಅಲ್ಲಿಗೆ ಹೋದದ್ದು ಗಂಡನ ಕೆಲಸದ ಕಾರಣಕ್ಕೆ. ಗಂಡ ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್, ದುಬೈಯಲ್ಲಿ ಅಕೌಂಟೆಂಟ್, ಅಪರೂಪಕ್ಕೊಮ್ಮೆ ಯಾವುದೋ ರಾಜಧಾನಿಯ ಭಾರತೀಯ ರಾಯಭಾರ ಕಚೇರಿಯ ನೌಕರ. ರಾಯಭಾರ ಕಚೇರಿ ಎಂದಾಕ್ಷಣ ಕಣ್ಣ ಮುಂದೆ ಬರುವುದು ರಾಯಭಾರಿ ಮತ್ತು ಅವರ ಕಾರಿನ ಬಾವುಟ. ಆದರೆ ಅಲ್ಲಿ ಲೆಕ್ಕಪತ್ರ ನೋಡುವವರು, ವೀಸಾ ವಿಭಾಗದವರು, ಸ್ಟೆನೋಗಳು, ಭದ್ರತೆಯವರು ಎಲ್ಲರೂ ಇರುತ್ತಾರೆ. ಅವರಿಗೂ ಸಂಸಾರವಿದೆ, ಮೂರು ವರ್ಷಕ್ಕೊಮ್ಮೆ ಆ ಸಂಸಾರವೂ ಪೆಟ್ಟಿಗೆ ಕಟ್ಟುತ್ತದೆ.

ನಾನು ಆಪ್ತ ಸಮಾಲೋಚಕಿ. ಅರಸೀಕೆರೆಯಲ್ಲಿ ಕೂರುತ್ತೇನೆ, ಬೇಲೂರು ಹಳೇಬೀಡುಗಳಿಗೂ ಹೋಗಿ ಬರುತ್ತೇನೆ, ದೂರದಲ್ಲಿರುವವರ ಜೊತೆ ಫೋನಿನಲ್ಲಿ ಮಾತಾಡುತ್ತೇನೆ. ಇಷ್ಟು ವರ್ಷದ ಈ ಮಾತುಕತೆಯಿಂದ ನನಗೆ ಖಚಿತವಾಗಿರುವುದನ್ನು ಇಲ್ಲಿ ಬರೆದಿದ್ದೇನೆ. ಯಾರ ಗುರುತೂ ಹತ್ತದಂತೆ ವಿವರಗಳನ್ನು ಬದಲಿಸಿದ್ದೇನೆ.

1. ‘ನಿಂಗೇನು ಕಮ್ಮಿ ಆಗಿರೋದು?’ ಎಂದು ಕೇಳಬೇಡಿ

ತವರಿನವರು ಬಾಯಿ ತುಂಬ ಪ್ರೀತಿಯಿಂದಲೇ ಕೇಳುವ ಮಾತಿದು. ಇಪ್ಪತ್ನಾಲ್ಕು ಗಂಟೆ ಕರೆಂಟು, ನಲ್ಲಿ ತಿರುಗಿಸಿದರೆ ಬಿಸಿನೀರು, ಓಡಾಡಲು ಕಾರು, ಅತ್ತೆ ಮಾವನ ಕಾಟವಿಲ್ಲ. ಇನ್ನೇನು ಬೇಕು? ಈ ಪ್ರಶ್ನೆ ಕೇಳಿದ ಕ್ಷಣಕ್ಕೆ ಆ ಕಡೆಯ ಬಾಯಿ ಮುಚ್ಚುತ್ತದೆ. ತನಗೆ ಕಮ್ಮಿಯಾಗಿರುವುದು ಸಾಮಾನಿನ ಪಟ್ಟಿಯಲ್ಲಿ ಬರುವಂಥದ್ದಲ್ಲ ಎಂದು ಅವಳಿಗೆ ಗೊತ್ತು, ಅದನ್ನು ಹೇಳಿದರೆ ಸೊಕ್ಕು ಎನಿಸಿಕೊಳ್ಳುತ್ತದೆಂಬುದೂ ಗೊತ್ತು.

ನಮ್ಮ ತಾಲ್ಲೂಕಿನ ಪಿಯು ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ ಒಬ್ಬಳನ್ನು ನೆನೆಯುತ್ತೇನೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ನಾಲ್ಕು ಹುಡುಗರು ‘ನಮಸ್ತೆ ಮಿಸ್’ ಎನ್ನುತ್ತಿದ್ದರು. ಹೂವಿನವಳು ಸಾಲ ಕೊಡುತ್ತಿದ್ದಳು. ಸಂಬಳ ತನ್ನ ಖಾತೆಗೆ ಬರುತ್ತಿತ್ತು, ತಮ್ಮನ ಫೀಸು ಇವಳೇ ಕಟ್ಟುತ್ತಿದ್ದಳು. ಅಮೆರಿಕಕ್ಕೆ ಹೋದ ಮೇಲೆ ಪ್ರತಿ ಅರ್ಜಿಯಲ್ಲೂ ಅವಳ ಗುರುತು ‘ಅವಲಂಬಿತೆ’. ಮೊಬೈಲ್ ಸಿಮ್ ಗಂಡನ ಹೆಸರಿನಲ್ಲಿ, ಮನೆಯ ಬಾಡಿಗೆ ಕರಾರು ಗಂಡನ ಹೆಸರಿನಲ್ಲಿ. ತರಕಾರಿ ತರಲೂ ಗಂಡನ ಕಾರ್ಡು ಉಜ್ಜಬೇಕು, ಉಜ್ಜಿದ ಕೂಡಲೇ ಅವನ ಫೋನಿಗೆ ಮೆಸೇಜು ಹೋಗುತ್ತದೆ. ಅವನು ಒಂದು ಮಾತೂ ಕೇಳುವವನಲ್ಲ, ಒಳ್ಳೆಯವನು. ‘ಆದರೂ ಅಂಗಡಿಯಲ್ಲಿ ಒಂದು ಕ್ಲಿಪ್ಪು ಎತ್ತಿಕೊಂಡು ಮತ್ತೆ ಅಲ್ಲೇ ಇಡುತ್ತಿದ್ದೆ ಮೇಡಂ’ ಎಂದಳು.

ಹಾಗಾಗಿ ನಾನು ತವರಿನವರಿಗೆ ಬೇರೆ ಪ್ರಶ್ನೆಗಳನ್ನು ಹೇಳಿಕೊಡುತ್ತೇನೆ. ‘ಇವತ್ತು ಯಾರ ಜೊತೆ ಮಾತಾಡಿದೆ?’, ‘ಈ ವಾರ ನಿನಗೇ ಅಂತ ಏನು ಮಾಡಿಕೊಂಡೆ?’ ಉತ್ತರ ಬರಲು ತಡವಾದರೆ ಕಾಯಿರಿ.

2. ಕಾನೂನು ಹಾಕಿದ ಗೋಡೆಯನ್ನು ಅವಳ ಸ್ವಭಾವ ಎಂದು ತಿಳಿಯಬೇಡಿ

‘ಅವಳೇ ಹೊರಗೆ ಹೋಗಲ್ಲ’, ‘ಕೆಲಸ ಹುಡುಕೋ ಮನಸ್ಸೇ ಇಲ್ಲ’ ಎಂಬ ಮಾತು ಗಂಡಂದಿರಿಂದ ಬಹಳ ಕೇಳಿದ್ದೇನೆ. ಇಂಥ ಕಡೆ ಮೊದಲು ನೋಡಬೇಕಾದದ್ದು ವೀಸಾ. ಅಮೆರಿಕದಲ್ಲಿ ಎಚ್-1ಬಿ ನೌಕರನ ಹೆಂಡತಿಗೆ ಸಿಗುವುದು ಎಚ್-4. ಅದರಲ್ಲಿ ದುಡಿಯುವ ಹಕ್ಕೇ ಇರಲಿಲ್ಲ. 2015ರ ಮೇ 26ರಿಂದ ಕೆಲವರಿಗೆ ಕೆಲಸದ ಪರವಾನಗಿ ಸಿಗತೊಡಗಿತು. ಗಂಡನ ಗ್ರೀನ್ ಕಾರ್ಡಿಗೆ ಕಂಪನಿ ಹಾಕಿದ ಅರ್ಜಿ ಮಂಜೂರಾಗಿರಬೇಕು, ಇಲ್ಲವೇ ಅವನ ಎಚ್-1ಬಿ ಆರು ವರ್ಷ ದಾಟಿ ವಿಸ್ತರಣೆಯಾಗಿರಬೇಕು. ಅಂದರೆ ಗಂಡ ಹೊಸದಾಗಿ ಹೋಗಿದ್ದರೆ ಅವಳಿಗೆ ಆ ಬಾಗಿಲು ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ಅವಳ ದುಡಿಮೆ ಗಂಡನ ಕಡತ ಎಲ್ಲಿಗೆ ಬಂದಿದೆ ಎಂಬುದರ ಮೇಲೆ ನಿಂತಿದೆ. ಎಂಟೆಕ್ ಓದಿದವಳು ಇದರಿಂದ ಕುಗ್ಗಿದರೆ ಅದು ಸೋಮಾರಿತನವಲ್ಲ.

ರಾಜತಾಂತ್ರಿಕ ಕುಟುಂಬಗಳ ಸ್ಥಿತಿ ಇನ್ನೊಂದು ಬಗೆಯದು. 1961ರ ವಿಯೆನ್ನಾ ಒಪ್ಪಂದ ರಾಜತಾಂತ್ರಿಕರ ಮನೆಯವರಿಗೂ ರಕ್ಷಣೆ ಕೊಡುತ್ತದೆ. ಆದರೆ ಸಂಬಳದ ಕೆಲಸಕ್ಕೆ ಹೋಗಬೇಕೆಂದರೆ ಸಾಮಾನ್ಯವಾಗಿ ಎರಡು ದೇಶಗಳ ನಡುವೆ ಅದಕ್ಕೆಂದೇ ಒಪ್ಪಂದ ಬೇಕು. ಭಾರತ ಹಲವು ದೇಶಗಳೊಂದಿಗೆ ಅಂಥ ಒಪ್ಪಂದ ಮಾಡಿಕೊಂಡಿದೆ. ಒಪ್ಪಂದವಿದ್ದ ಕಡೆಯೂ ಅನುಮತಿ ಬರಬೇಕು, ಆ ದೇಶದ ಭಾಷೆ ಬರಬೇಕು, ದಂತವೈದ್ಯೆಯಾದರೆ ಅಲ್ಲಿನ ಲೈಸೆನ್ಸು ಬೇಕು. ಇದೆಲ್ಲ ಕೂಡಿಬರುವ ಹೊತ್ತಿಗೆ ಮುಂದಿನ ವರ್ಗಾವಣೆಯ ಆದೇಶ ಬಂದಿರುತ್ತದೆ.

ಇದರ ಹಿಂದೆ ಹಳೆಯದೊಂದು ಎಣಿಕೆ ಇದೆ. ಅಧಿಕಾರಿ ಎಂದರೆ ಗಂಡಸು, ಅವನ ಹಿಂದೆ ಹೆಂಡತಿ ಇರುತ್ತಾಳೆ, ಅವಳು ಔತಣ ನೋಡಿಕೊಳ್ಳುತ್ತಾಳೆ ಎಂಬ ಎಣಿಕೆ. ಅಮೆರಿಕದ ವಿದೇಶಾಂಗ ಸೇವೆಯಲ್ಲಿ 1972ರವರೆಗೂ ಅಧಿಕಾರಿಯ ವಾರ್ಷಿಕ ವರದಿಯಲ್ಲಿ ಅವನ ಹೆಂಡತಿಯ ನಡವಳಿಕೆಯನ್ನೂ ಬರೆಯುತ್ತಿದ್ದರು. ಆ ವರ್ಷ ಹೊರಟ ಆದೇಶ ಆಕೆಯನ್ನು ಸರ್ಕಾರದ ಕೆಲಸದಿಂದ ಬಿಡಿಸಿ ಸ್ವತಂತ್ರ ವ್ಯಕ್ತಿ ಎಂದಿತು. 1978ರಲ್ಲಿ ಕುಟುಂಬದವರ ಕಷ್ಟ ಕೇಳಲೆಂದೇ ಅಲ್ಲಿ ಒಂದು ಕಚೇರಿ ತೆರೆಯಿತು.

ನಮ್ಮಲ್ಲಿ ಇದೇ ಎಣಿಕೆಯ ಪೆಟ್ಟು ತಿಂದವರು ಕೊಡಗಿನ ವಿರಾಜಪೇಟೆಯವರಾದ ಸಿ.ಬಿ. ಮುತ್ತಮ್ಮ. 1949ರಲ್ಲಿ ಭಾರತೀಯ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಮದುವೆಯಾಗಲು ಮಹಿಳಾ ಅಧಿಕಾರಿ ಸರ್ಕಾರದ ಅನುಮತಿ ಪಡೆಯಬೇಕು, ಸಂಸಾರ ಕೆಲಸಕ್ಕೆ ಅಡ್ಡಿ ಎಂದು ಸರ್ಕಾರಕ್ಕೆ ಅನಿಸಿದರೆ ರಾಜೀನಾಮೆ ಕೊಡಬೇಕು ಎಂದು ನಿಯಮವಿತ್ತು. ಮದುವೆಯಾದ ಹೆಣ್ಣಿಗೆ ಈ ಸೇವೆಗೆ ನೇಮಕವಾಗುವ ಹಕ್ಕಿಲ್ಲ ಎಂದು ಇನ್ನೊಂದು ನಿಯಮ ಹೇಳುತ್ತಿತ್ತು. ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಈ ನಿಯಮಗಳನ್ನು ಕಟುವಾಗಿ ಖಂಡಿಸಿದರು. ಗಂಡಸು ಅಧಿಕಾರಿಯಾದರೆ ಸಂಸಾರ ಅವನಿಗೆ ಅಡ್ಡಿಯಾಗುವುದಿಲ್ಲವೇ ಎಂಬ ಪ್ರಶ್ನೆ ಆ ತೀರ್ಪಿನಲ್ಲಿದೆ. ಆ ನಿಯಮಗಳು ಹೋದವು. ಎಣಿಕೆ ಪೂರ್ತಿ ಹೋಗಿಲ್ಲ, ಮನೆಮನೆಗಳಲ್ಲಿ ಇನ್ನೂ ಉಳಿದಿದೆ. ನನ್ನ ಮುಂದೆ ಕೂತು ಅಳುವ ಹೆಣ್ಣುಮಗಳಿಗೆ ನಾನು ಮುತ್ತಮ್ಮನವರ ಕಥೆ ಹೇಳುತ್ತೇನೆ. ‘ಇದು ನನ್ನೊಬ್ಬಳ ಕೈಲಾಗದತನವಲ್ಲ’ ಎಂದು ತಿಳಿಯುವುದೇ ಅರ್ಧ ಭಾರ ಇಳಿಸುತ್ತದೆ.

3. ಹೊರಡುವ ಮೊದಲು ಸಾರಿನ ಪುಡಿಯ ಜೊತೆ ಕಾಗದಪತ್ರವನ್ನೂ ಕಟ್ಟಿ

ಹುರಿಹಿಟ್ಟು, ಚಟ್ನಿಪುಡಿ, ಕೊಬ್ಬರಿ ಗಿಟುಕು, ರಾಗಿಹಿಟ್ಟು ತೂಕ ಹಾಕಿ ಇಪ್ಪತ್ಮೂರು ಕಿಲೋ ಬ್ಯಾಗಿಗೆ ತುಂಬುವ ಮನೆಯವರು ಮಗಳ ಮಾರ್ಕ್ಸ್‌ಕಾರ್ಡು ಬೀರುವಿನಲ್ಲೇ ಬಿಡುತ್ತಾರೆ. ಡಿಗ್ರಿ ಪ್ರಮಾಣಪತ್ರ, ಅನುಭವ ಪತ್ರ, ಮದುವೆ ನೋಂದಣಿ ಪತ್ರ ಮೂಲಪ್ರತಿಯೇ ಅವಳ ಬಳಿ ಇರಲಿ, ನಕಲು ತವರಿನಲ್ಲಿ ಇರಲಿ. ಹೊರದೇಶದಲ್ಲಿ ಈ ಕಾಗದ ನಡೆಯಬೇಕಾದರೆ ಅಪೊಸ್ಟಿಲ್ ಮುದ್ರೆಯೋ ರಾಯಭಾರ ಕಚೇರಿಯ ದೃಢೀಕರಣವೋ ಬೇಕಾಗುತ್ತದೆ. ಇಲ್ಲಿದ್ದಾಗ ಸುಲಭ, ಅಲ್ಲಿಗೆ ಹೋದ ಮೇಲೆ ಅಪ್ಪ ಹಾಸನಕ್ಕೂ ಬೆಂಗಳೂರಿಗೂ ಅಲೆಯಬೇಕು.

ನಮ್ಮ ಕಡೆಯ ಇನಿಷಿಯಲ್ ದೊಡ್ಡ ತೊಡಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಅಕ್ಷರ, ಆಧಾರಿನಲ್ಲಿ ಅಪ್ಪನ ಪೂರ್ತಿ ಹೆಸರು, ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು. ಮೂರೂ ಒಬ್ಬಳೇ ಎಂದು ಸಾಧಿಸುವುದರಲ್ಲಿ ವರ್ಷ ಕಳೆಯುತ್ತದೆ. ಮದುವೆಯಾದ ಮಾತ್ರಕ್ಕೆ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸಲೇಬೇಕೆಂಬ ನಿಯಮವಿಲ್ಲ. ಓದಿದ ಹೆಸರೇ ಇರಲಿ ಬಿಡಿ.

ಊರಿನ ಬ್ಯಾಂಕಿನಲ್ಲಿ ಅವಳ ಹೆಸರಿನ ಖಾತೆ ಮುಚ್ಚಿಸಬೇಡಿ. ಪಾಸ್‌ಪೋರ್ಟು ಅವಳ ಕೈಯಲ್ಲೇ ಇರಬೇಕು. ‘ಎಲ್ಲಾ ಒಂದೇ ಕಡೆ ಇಟ್ಟಿದೀನಿ’ ಎನ್ನುವ ಗಂಡನಿಗೂ ಇದನ್ನು ನಾನು ಬಿಡಿಸಿ ಹೇಳುತ್ತೇನೆ.

4. ಮೂರನೇ ತಿಂಗಳಿನ ಬಗ್ಗೆ ಮೊದಲೇ ಹೇಳಿಡಿ

ಮೊದಲ ವಾರಗಳು ಹಬ್ಬದ ಹಾಗೆ. ಹಿಮ, ಸಮುದ್ರ, ಫೋಟೋ. ಆಮೇಲೆ ಒಂದು ದಿನ ಏನೂ ಕಾರಣವಿಲ್ಲದೆ ಅಡುಗೆಮನೆಯಲ್ಲಿ ಕೂತು ಅಳು ಬರುತ್ತದೆ. ನನಗೆ ಫೋನು ಬರುವುದು ಹೆಚ್ಚಾಗಿ ಮೂರು, ನಾಲ್ಕನೇ ತಿಂಗಳಿನಲ್ಲಿ.

ಇದು ಹೊಸ ಸಂಗತಿಯೇನಲ್ಲ. ಕಲರ್ವೋ ಒಬರ್ಗ್ ಎಂಬ ಮಾನವಶಾಸ್ತ್ರಜ್ಞ 1954ರ ಆಗಸ್ಟಿನಲ್ಲಿ ಬ್ರೆಜಿಲಿನ ರಿಯೊ ಡಿ ಜನೈರೊದಲ್ಲಿ ಒಂದು ಭಾಷಣ ಮಾಡಿದ. ಪರದೇಶಕ್ಕೆ ಹೋದವರಿಗೆ ಮೊದಲು ಬೆರಗು, ಆಮೇಲೆ ಬಿಕ್ಕಟ್ಟು, ನಂತರ ನಿಧಾನವಾದ ಚೇತರಿಕೆ, ಕೊನೆಗೆ ಹೊಂದಿಕೆ ಎಂದು ಆತ ವಿವರಿಸಿದ. ಇಂದು ಹಲವು ಪಠ್ಯಪುಸ್ತಕಗಳಲ್ಲಿ ಇರುವ ಈ ಮಾತನ್ನು ಆತ ಆಡಿದ್ದು ಆ ಊರಿನ ಮಹಿಳಾ ಕ್ಲಬ್ಬಿನಲ್ಲಿ. ನನಗೆ ಇದು ಬಹಳ ಮುಖ್ಯವಾಗಿ ಕಾಣುತ್ತದೆ. ಗಂಡನಿಗೆ ಹೋದ ಮರುದಿನವೇ ಆಫೀಸು, ಟೇಬಲ್ಲು, ಮಾತಾಡಲು ಜನ ಸಿಗುತ್ತಾರೆ. ಪರದೇಶ ನೇರವಾಗಿ ಎದುರಾಗುವುದು ಹಾಲಿನ ಪೊಟ್ಟಣದ ಮೇಲಿನ ಅಕ್ಷರ ಓದಲಾಗದೆ ನಿಂತವಳಿಗೆ, ಮಗುವಿಗೆ ಜ್ವರ ಬಂದಾಗ ಯಾವ ನಂಬರಿಗೆ ಫೋನು ಮಾಡಬೇಕೆಂದು ತಿಳಿಯದವಳಿಗೆ.

ಮೊದಲೇ ಹೇಳಿದ್ದರೆ ಆ ದಿನ ಬಂದಾಗ ಭಯವಾಗುವುದಿಲ್ಲ. ‘ಮೇಡಂ, ನೀವು ಹೇಳಿದ್ದು ಬಂತು’ ಎಂದು ಮೆಸೇಜು ಹಾಕುತ್ತಾರೆ. ಅಂಥವರು ಬೇಗ ಏಳುತ್ತಾರೆ.

ಒಂದು ವ್ಯತ್ಯಾಸ ಗಮನಿಸಿದ್ದೇನೆ. ರಾಯಭಾರ ಕಚೇರಿಯವರ ಮನೆಯಲ್ಲಿ ಈ ಚಕ್ರ ಪ್ರತಿ ವರ್ಗಾವಣೆಗೂ ಮೊದಲಿನಿಂದ ಶುರುವಾಗುತ್ತದೆ. ಮೂರನೇ ದೇಶಕ್ಕೆ ಹೋಗುವಾಗ ಹೆಂಡತಿಗೆ ಸ್ನೇಹ ಮಾಡುವುದೇ ಬೇಡವಾಗಿರುತ್ತದೆ, ಹೇಗೂ ಬಿಟ್ಟು ಹೋಗುವವರಲ್ಲವೇ ಎಂದು. ಗ್ರೀನ್ ಕಾರ್ಡಿನ ಸರದಿಯಲ್ಲಿರುವವರದು ತದ್ವಿರುದ್ಧ: ವರ್ಷಗಟ್ಟಲೆ ಅಲ್ಲೇ ಕಾಯುತ್ತಾರೆ, ಮನೆ ಕೊಳ್ಳಬೇಕೋ ಬೇಡವೋ, ಊರಿಗೆ ಮರಳುತ್ತೇವೋ ಇಲ್ಲವೋ ಗೊತ್ತಿಲ್ಲ. ಎರಡರಲ್ಲೂ ಮುಂದಿನ ತಾರೀಖು ಇವಳ ಕೈಯಲ್ಲಿಲ್ಲ. ಅದಕ್ಕೇ ನಾನು ತಾರೀಖು ಅವಳ ಕೈಯಲ್ಲೇ ಇರುವ ಒಂದು ಕೆಲಸ ಹಿಡಿಯಲು ಹೇಳುತ್ತೇನೆ. ಆನ್‌ಲೈನ್ ಕೋರ್ಸು, ದೂರಶಿಕ್ಷಣದ ಪರೀಕ್ಷೆ, ಸಂಗೀತದ ಸೀನಿಯರ್ ಪರೀಕ್ಷೆ, ಯಾವುದಾದರೂ ಸರಿ. ಗಂಡನ ಕಂಪನಿಯಾಗಲಿ ಮಂತ್ರಾಲಯವಾಗಲಿ ಮುಂದೂಡಲಾಗದ್ದು ಇರಬೇಕು.

5. ಮನೆಮಂದಿಯೆಲ್ಲ ಇರುವ ವೀಡಿಯೊ ಕರೆಯಲ್ಲಿ ಸತ್ಯ ಬರುವುದಿಲ್ಲ

ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅರಸೀಕೆರೆಯಲ್ಲಿ ಬೆಳಗಿನ ಆರೂವರೆಗೆ ಕಾಫಿ ಕುಡಿಯುತ್ತಾ ಕೂತರೆ ಅಲ್ಲಿ ಹಿಂದಿನ ದಿನದ ಸಂಜೆ ಆರು. ಫೋನು ಗೋಡೆಗೆ ಒರಗಿಸಿಟ್ಟು ಅಪ್ಪ, ಅಮ್ಮ, ಅಜ್ಜಿ, ಪಕ್ಕದ ಮನೆಯ ಚಿಕ್ಕಮ್ಮ ಸರದಿಯಲ್ಲಿ ಮುಖ ತೋರಿಸುತ್ತಾರೆ. ಆ ಕಡೆ ಗಂಡನೂ ಹಾದು ಹೋಗುತ್ತಾನೆ. ‘ಊಟ ಆಯ್ತಾ? ಏನು ಅಡುಗೆ? ಸಣ್ಣಾಗಿದೀಯ ಕಣೇ.’ ಮುಗಿಯಿತು.

ಹಳೇಬೀಡಿನ ಒಬ್ಬ ತಾಯಿಗೆ ವಾರಕ್ಕೊಮ್ಮೆ ಮುಖ ಕಾಣಿಸದ, ಬರೀ ಧ್ವನಿಯ ಕರೆ ಮಾಡಿ ಎಂದೆ. ಅವರು ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮಾಡಿದರು, ಮಗಳು ಅಲ್ಲಿ ನಡೆಯುತ್ತಾ ಮಾತಾಡಿದಳು. ಮೂರನೇ ಸಲಕ್ಕೆ ಅವಳು, ‘ಅಮ್ಮ, ನಂಗೆ ರಾತ್ರಿ ನಿದ್ದೆನೇ ಬರಲ್ಲ’ ಎಂದಳಂತೆ. ಕ್ಯಾಮೆರಾ ಮುಂದೆ ಎಷ್ಟೋ ತಿಂಗಳು ಅವಳು ನಕ್ಕಿದ್ದಳು.

ತವರಿನವರು ತಮ್ಮ ಕಷ್ಟವನ್ನೂ ಮುಚ್ಚಿಡಬಾರದು. ಅಪ್ಪನ ಆಪರೇಷನ್ ಮುಗಿದ ಮೇಲೆ ಹೇಳಿದರೆ ಅವಳಿಗೆ ‘ನನ್ನನ್ನು ಲೆಕ್ಕದಿಂದ ತೆಗೆದುಬಿಟ್ಟರು’ ಎನಿಸುತ್ತದೆ. ಹೇಳಿ, ಒಂದು ಜವಾಬ್ದಾರಿಯನ್ನೂ ಕೊಡಿ. ಡಾಕ್ಟರ ರಿಪೋರ್ಟು ಅವಳೇ ಓದಲಿ, ಮಾತ್ರೆಯ ಹೊತ್ತಿಗೆ ಅವಳೇ ಫೋನು ಮಾಡಲಿ.

6. ಬಾಣಂತನಕ್ಕೆ ಹೋಗುವ ಅಮ್ಮನನ್ನೂ ತಯಾರು ಮಾಡಿ

ಇದು ನನಗೆ ಹೆಚ್ಚು ಆತಂಕದ ವಿಷಯ, ಹೆಚ್ಚು ಆಸೆಯ ವಿಷಯವೂ ಹೌದು.

ನಮ್ಮ ಕಡೆ ಬಾಣಂತಿ ತವರಿಗೆ ಬರುತ್ತಾಳೆ. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಅಂಟಿನುಂಡೆ, ಮಗುವನ್ನು ಕಾಲ ಮೇಲೆ ಮಲಗಿಸಿ ನೀರು ಹಾಕುವ ಅಜ್ಜಿ. ಮೂರು ತಿಂಗಳು ಅವಳಿಗೆ ಮಲಗುವುದೇ ಕೆಲಸ. ಹೊರದೇಶದಲ್ಲಿ ಹೆರಿಗೆಯಾದರೆ ಹೆರಿಗೆ ಮುಗಿದು ಒಂದೆರಡು ದಿನಕ್ಕೆ ಮನೆಗೆ ಕಳಿಸುತ್ತಾರೆ, ಗಂಡ ಸ್ವಲ್ಪ ದಿನಕ್ಕೇ ಕೆಲಸಕ್ಕೆ ಮರಳುತ್ತಾನೆ. ಆದ್ದರಿಂದ ಅಮ್ಮ ವಿಮಾನ ಹತ್ತುತ್ತಾರೆ. ಅಮೆರಿಕದಲ್ಲಿ ಪ್ರವಾಸಿ ವೀಸಾದವರಿಗೆ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ.

ಆ ಅಮ್ಮ ಅದುವರೆಗೂ ಹಾಸನ ದಾಟಿ ಒಬ್ಬರೇ ಹೋಗಿರುವುದಿಲ್ಲ. ಶುಗರ್, ಬಿಪಿ ಇರುತ್ತದೆ. ಪ್ರವಾಸದ ಇನ್ಶೂರೆನ್ಸು ಸಾಮಾನ್ಯವಾಗಿ ಹಳೆಯ ಕಾಯಿಲೆಗೆ ಹಣ ಕೊಡುವುದಿಲ್ಲ. ಮಾತ್ರೆಗಳನ್ನು ಚೀಟಿಯ ಸಮೇತ ಅಷ್ಟೂ ತಿಂಗಳಿಗೆ ಒಯ್ಯಬೇಕು. ಸಾಂಬ್ರಾಣಿ ಹಾಕಿದರೆ ಚಾವಣಿಯಲ್ಲಿರುವ ಹೊಗೆಯ ಅಲಾರಾಂ ಕೂಗುತ್ತದೆ. ಅಮ್ಮ ಹೆದರಿ ಇಡೀ ದಿನ ಒಲೆ ಹಚ್ಚದೆ ಕೂತದ್ದೂ ಉಂಟು. ಹಗಲೆಲ್ಲ ಬೀದಿಯಲ್ಲಿ ಒಂದು ನರಪಿಳ್ಳೆ ಕಾಣದೆ ಅವರಿಗೇ ಮಂಕು ಕವಿಯುತ್ತದೆ. ಆರೈಕೆಗೆ ಹೋದವರೇ ಬಳಲಿದರೆ ಬಾಣಂತಿ ಎದ್ದು ಅವರನ್ನು ನೋಡಿಕೊಳ್ಳುತ್ತಾಳೆ. ಹೋಗುವ ಮೊದಲು ಆ ತಾಯಂದಿರನ್ನು ಕರೆದು ಈ ಎಲ್ಲವನ್ನೂ ಮಾತಾಡುತ್ತೇನೆ. ದಿನಾ ಸಂಜೆ ಹೊರಗೆ ಒಂದು ಸುತ್ತು ನಡೆಯಿರಿ, ಊರಿನ ಒಬ್ಬ ಗೆಳತಿಗೆ ದಿನ ಬಿಟ್ಟು ದಿನ ಫೋನು ಮಾಡಿ ಎನ್ನುತ್ತೇನೆ.

ಬಾಣಂತಿಗೆ ಮೊದಲ ಕೆಲವು ದಿನ ಅಳು, ಬೇಸರ ಸಹಜ. ಎರಡು ವಾರ ದಾಟಿದರೂ ಹೋಗದಿದ್ದರೆ, ಮಗುವನ್ನು ಎತ್ತಿಕೊಳ್ಳಲೇ ಮನಸ್ಸಾಗದಿದ್ದರೆ, ‘ನಾನು ಇರಬಾರದಿತ್ತು’ ಎಂಬ ಮಾತು ಬಂದರೆ ಅದು ಚಿಕಿತ್ಸೆ ಬೇಕಾದ ಖಿನ್ನತೆ. ಹಲವು ದೇಶಗಳ ಆಸ್ಪತ್ರೆಗಳಲ್ಲಿ ಇದನ್ನು ಪತ್ತೆ ಮಾಡಲು 10 ಪ್ರಶ್ನೆಗಳ ಒಂದು ಹಾಳೆ ಕೊಡುತ್ತಾರೆ, 1987ರಲ್ಲಿ ಎಡಿನ್‌ಬರೋದಲ್ಲಿ ರೂಪಿಸಿದ್ದು. ನಮ್ಮ ಹೆಣ್ಣುಮಕ್ಕಳು ಅದರಲ್ಲಿ ಎಲ್ಲದಕ್ಕೂ ‘ಚೆನ್ನಾಗಿದೆ’ ಎಂದು ಗುರುತು ಹಾಕಿ ಬರುತ್ತಾರೆ, ಏಕೆಂದರೆ ಪಕ್ಕದಲ್ಲಿ ಕೂತು ಅನುವಾದ ಮಾಡುವವನು ಗಂಡ. ಅಮೆರಿಕದ ಆಸ್ಪತ್ರೆಗಳಲ್ಲಿ ಉಚಿತವಾಗಿ ದುಭಾಷಿಯನ್ನು ಕೇಳುವ ಹಕ್ಕಿದೆ. ‘ನನಗೆ ಕನ್ನಡದ ದುಭಾಷಿ ಬೇಕು’ ಎಂಬ ಒಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಳಲು ಕಲಿತು ಹೋಗಿ. ಇಂಗ್ಲಿಷ್ ಬರುವವರಿಗೂ ಅಳುವಾಗ ಕನ್ನಡವೇ ಬೇಕಾಗುತ್ತದೆ.

7. ಕನ್ನಡ ಕೂಟ ಇರಲಿ, ಅದೊಂದೇ ಬೇಡ

ಹೊರದೇಶದಲ್ಲಿ ಕನ್ನಡ ಸಂಘಗಳು ಮಾಡುತ್ತಿರುವ ಕೆಲಸ ದೊಡ್ಡದು. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ ‘ಅಕ್ಕ’ 1998ರಿಂದ ಇದೆ, ಬ್ರಿಟನ್ನಿನ ಕನ್ನಡ ಬಳಗ 1983ರಿಂದ. ಯುಗಾದಿಗೆ ಹೋದರೆ ಹೋಳಿಗೆ ಸಿಗುತ್ತದೆ, ಮಕ್ಕಳಿಗೆ ಅಕ್ಷರ ಕಲಿಸುವ ಶಾಲೆಗಳಿವೆ. ಹೋಗಿ, ಸೇರಿ, ಕೈಜೋಡಿಸಿ. ಪಾಠ ಹೇಳುವವರು ಬೇಕು ಎಂದರೆ ಮೊದಲು ಕೈ ಎತ್ತಿ. ‘ಮಿಸ್’ ಎನ್ನುವ ಕರೆ ಅಲ್ಲಿ ಮತ್ತೆ ಸಿಗುತ್ತದೆ.

ಆದರೆ ಅಲ್ಲೂ ಮೊದಲ ಪ್ರಶ್ನೆ ‘ನಿಮ್ಮ ಮನೆಯವರು ಯಾವ ಕಂಪನಿ?’ ಎಂಬುದೇ. ರಾಯಭಾರ ಕಚೇರಿಯ ವಸತಿಯಲ್ಲಂತೂ ಗಂಡನ ಹುದ್ದೆಯ ಏಣಿ ಹೆಂಡತಿಯರ ಹರಟೆಗೂ ಬರುತ್ತದೆ. ಹಿರಿಯ ಅಧಿಕಾರಿಯ ಪತ್ನಿಯ ಮುಂದೆ ಮನಸ್ಸು ಬಿಚ್ಚಿದರೆ ಅದು ಸೋಮವಾರ ಆಫೀಸಿಗೆ ತಲುಪಬಹುದು ಎಂಬ ಅಳುಕು ಸುಳ್ಳಲ್ಲ. ಹಾಗಾಗಿ ಗಂಡನ ಹೆಸರು ಯಾರೂ ಕೇಳದ ಒಂದು ಜಾಗ ಬೇಕು. ಸಾರ್ವಜನಿಕ ಗ್ರಂಥಾಲಯ ನನ್ನ ಮೊದಲ ಸಲಹೆ. ದುಡ್ಡಿಲ್ಲ, ಬೆಚ್ಚಗಿರುತ್ತದೆ, ಎಷ್ಟು ಹೊತ್ತು ಕೂತರೂ ಕೇಳುವವರಿಲ್ಲ. ಎಷ್ಟೋ ಕಡೆ ಭಾಷೆ ಕಲಿಸುವ ಉಚಿತ ತರಗತಿಗಳೂ ಇರುತ್ತವೆ. ಬೇಲೂರಿನ ಕಡೆಯ ಒಬ್ಬಳು ಗ್ರಂಥಾಲಯದಲ್ಲಿ ಹೊಲಿಗೆಯ ಗುಂಪಿಗೆ ಸೇರಿದಳು. ಆ ಗುಂಪಿನ ಮುದುಕಿಯರಿಗೆ ಇವಳು ಯಾರ ಹೆಂಡತಿ ಎಂದು ಕೊನೆಯವರೆಗೂ ಗೊತ್ತಾಗಲಿಲ್ಲ, ಕಸೂತಿ ಚೆನ್ನಾಗಿ ಹಾಕುತ್ತಾಳೆ ಎಂದಷ್ಟೇ ಗೊತ್ತಿತ್ತು.

8. ಮೈ ಹೇಳುವುದನ್ನು ಕೇಳಿ

ನಮ್ಮ ಹೆಂಗಸರು ‘ಮನಸ್ಸು ಸರಿಯಿಲ್ಲ’ ಎಂದು ಬರುವುದಿಲ್ಲ. ತಲೆ ಹಿಡಿದುಕೊಂಡಂತಿದೆ, ಎದೆ ಧಗಧಗ ಅನ್ನುತ್ತದೆ, ಕೈಕಾಲು ಸೋಲುತ್ತದೆ, ಹೊಟ್ಟೆಯಲ್ಲಿ ಸಂಕಟ ಎನ್ನುತ್ತಾರೆ. ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡ್, ರಕ್ತಹೀನತೆ ನೋಡಿಸಿ, ಅದು ಅವಶ್ಯ. ಎಲ್ಲ ಸರಿಯಿದ್ದೂ ನಿದ್ದೆ, ಹಸಿವು, ಆಸಕ್ತಿ ಎರಡು ವಾರಕ್ಕಿಂತ ಹೆಚ್ಚು ಕಾಲ ಕೆಟ್ಟಿದ್ದರೆ ಮನೋವೈದ್ಯರನ್ನು ಕಾಣಬೇಕು. ನನ್ನಂಥವರ ಮಾತು ಮಾತ್ರೆಯ ಜಾಗ ತುಂಬುವುದಿಲ್ಲ.

ಇಲ್ಲಿರುವ ತಂದೆತಾಯಿಗೂ ಇದು ಅನ್ವಯ. ತಾಲ್ಲೂಕು ಆಸ್ಪತ್ರೆಗಳ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇರುವುದು ಇಂಥದಕ್ಕೇ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, 14416, ಕನ್ನಡದಲ್ಲೂ ಮಾತಾಡುತ್ತದೆ. ಮಗಳನ್ನು ಕಳಿಸಿ ಒಂಟಿಯಾದ ಅಪ್ಪಂದಿರು ಅಲ್ಲಿಗೆ ಫೋನು ಮಾಡಿದ್ದನ್ನು ನನಗೆ ಹೇಳಿದ್ದಾರೆ, ಸಮಾಧಾನವಾಯಿತು ಎಂದಿದ್ದಾರೆ.

9. ಹೆಂಡತಿಯ ಹಿಂದೆ ಹೋದ ಗಂಡನನ್ನೂ ನೋಡಿ

ನಮ್ಮ ಕಡೆಯ ನರ್ಸಿಂಗ್ ಓದಿದ ಹುಡುಗಿಯರು ಬ್ರಿಟನ್ನಿಗೆ ಹೋಗಿದ್ದಾರೆ, ಗಂಡಂದಿರು ಜೊತೆಗೆ ಹೋಗಿದ್ದಾರೆ. ಅಲ್ಲಿ ಅವರಿಗೆ ದುಡಿಯಲು ಕಾನೂನಿನ ಅಡ್ಡಿ ಕಡಿಮೆ. ಆದರೆ ಊರಿನ ನಾಲಿಗೆ ಬಿಡುವುದಿಲ್ಲ. ‘ಹೆಂಡ್ತಿ ದುಡಿಮೇಲಿ ಕೂತವ್ನೆ’ ಎಂಬ ಮಾತು ಅರಸೀಕೆರೆಯಿಂದ ಅಲ್ಲಿಗೆ ಆ ದಿನವೇ ತಲುಪುತ್ತದೆ. ಆ ಗಂಡಸರು ನನ್ನ ಬಳಿ ಬರುವುದು ಬಹಳ ತಡವಾಗಿ, ಕುಡಿತ ಹತ್ತಿದ ಮೇಲೆ.

ಇಬ್ಬರ ವೃತ್ತಿಯೂ ಉಳಿಯಬಲ್ಲದು ಎಂಬುದಕ್ಕೆ ನಾನು ಒಂದು ಉದಾಹರಣೆ ಕೊಡುತ್ತೇನೆ. ಬೆಂಗಳೂರಿನಲ್ಲಿ ಓದಿದ ನಿರುಪಮಾ ರಾವ್ ಚೀನಾಕ್ಕೆ ಭಾರತದ ಮೊದಲ ಮಹಿಳಾ ರಾಯಭಾರಿಯಾದರು, 2009ರಿಂದ 2011ರವರೆಗೆ ವಿದೇಶಾಂಗ ಕಾರ್ಯದರ್ಶಿಯಾಗಿದ್ದರು. ಪತಿ ಸುಧಾಕರ ರಾವ್ ಕರ್ನಾಟಕ ಕೇಡರಿನ ಐಎಎಸ್ ಅಧಿಕಾರಿ, ನಮ್ಮ ರಾಜ್ಯದ ಮುಖ್ಯ ಕಾರ್ಯದರ್ಶಿಯಾಗಿದ್ದವರು. ದೊಡ್ಡ ಹುದ್ದೆಯವರ ಮಾತು ನಮಗೇಕೆ ಎನ್ನುತ್ತಾರೆ ಕೆಲವರು. ಹುದ್ದೆ ದೊಡ್ಡದಿರಲಿ ಚಿಕ್ಕದಿರಲಿ, ಮುಂದಿನ ವರ್ಗಾವಣೆಗೆ ಒಪ್ಪುವ ಮೊದಲು ಗಂಡಹೆಂಡಿರು ಎದುರುಬದುರು ಕೂತು ‘ಇದರಲ್ಲಿ ನಿನಗೇನು ಹೋಗುತ್ತದೆ, ನನಗೇನು ಸಿಗುತ್ತದೆ’ ಎಂದು ಕೇಳಿಕೊಳ್ಳಲು ದುಡ್ಡೇನೂ ಬೇಡ.

10. ಗಂಡ ಅಲ್ಲಿ, ಹೆಂಡತಿ ಇಲ್ಲಿ

ಯುಎಇಯಲ್ಲಿ ಸಂಸಾರ ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಮ್ ಸಂಬಳವೋ, 3,000 ದಿರ್ಹಮ್ ಜೊತೆಗೆ ವಸತಿಯೋ ಇರಬೇಕು. ಅಷ್ಟಿಲ್ಲದ ಡ್ರೈವರು, ಎಲೆಕ್ಟ್ರಿಷಿಯನ್ನುಗಳ ಹೆಂಡತಿಯರು ಇಲ್ಲೇ ಉಳಿಯುತ್ತಾರೆ. ಅವರ ಒತ್ತಡ ಬೇರೆ ಜಾತಿಯದು: ಸಾಲ, ಅತ್ತೆಮನೆ, ಊರ ಕಣ್ಣು. ಅದನ್ನು ಪ್ರತ್ಯೇಕವಾಗಿಯೇ ಬರೆಯಬೇಕು.

11. ಹೊಡೆತವನ್ನು ಒತ್ತಡ ಎಂದು ಕರೆಯಬೇಡಿ

ಕೈ ಎತ್ತುವುದು, ಪಾಸ್‌ಪೋರ್ಟು ಬಚ್ಚಿಡುವುದು, ಫೋನು ಕಿತ್ತುಕೊಳ್ಳುವುದು, ವಾಪಸು ಕಳಿಸುತ್ತೇನೆಂದು ಬೆದರಿಸುವುದು, ರಜೆಗೆಂದು ಕರೆತಂದು ಇಲ್ಲೇ ಬಿಟ್ಟು ಹೋಗುವುದು: ಇವಕ್ಕೆ ಹೊಂದಾಣಿಕೆಯ ಪಾಠ ಹೇಳುವವಳು ನಾನಲ್ಲ. ಅಲ್ಲಿನ ಪೊಲೀಸ್ ನಂಬರು ಬಾಯಿಪಾಠವಿರಲಿ. ಭಾರತೀಯ ರಾಯಭಾರ ಕಚೇರಿಗೆ ದೂರು ಕೊಡಬಹುದು, ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್ 2015ರಿಂದ ಇದೆ. ಅನಿವಾಸಿ ಮದುವೆಗಳ ದೂರು ಕೇಳಲು ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಒಂದು ಘಟಕವಿದೆ. ಊರಿಗೆ ಮರಳಿದವಳು ತವರಿನ ಊರಿನಲ್ಲೇ ಕ್ರೌರ್ಯದ ದೂರು ದಾಖಲಿಸಬಹುದು ಎಂದು ಸುಪ್ರೀಂ ಕೋರ್ಟು 2019ರ ಏಪ್ರಿಲ್‌ನಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಹೇಳಿದೆ. ‘ಅಲ್ಲಿ ನಡೆದದ್ದಕ್ಕೆ ಇಲ್ಲಿ ಕೇಸಿಲ್ಲ’ ಎಂದು ಯಾರಾದರೂ ವಾಪಸು ಕಳಿಸಿದರೆ ಈ ತೀರ್ಪಿನ ಹೆಸರು ಹೇಳಿ. ಕೌಟುಂಬಿಕ ಹಿಂಸೆ ಕಾಯ್ದೆಯಡಿ ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯನ್ನು ಕಾಣಬಹುದು. ಮಹಿಳಾ ಸಹಾಯವಾಣಿ 181.

‘ನಾಲ್ಕು ಜನ ಏನಂತಾರೆ’ ಎಂದು ತಂದೆ ಹಿಂಜರಿದಾಗ ನಾನು ಕೇಳುವುದಿಷ್ಟೇ: ಆ ನಾಲ್ಕು ಜನ ಆ ರಾತ್ರಿ ಅವಳ ಮನೆಯಲ್ಲಿ ಇರುತ್ತಾರಾ?

12. ರಜೆಗೆ ಬಂದವಳಿಗೆ ಖಾಲಿ ದಿನಗಳನ್ನು ಕೊಡಿ, ಮರಳಿ ಬಂದವಳಿಗೆ ಕೆಲಸ

ಅಮೆರಿಕದ ಶಾಲೆಗಳಿಗೆ ರಜೆ ಜೂನ್‌ನಿಂದ ಆಗಸ್ಟ್. ಬೇಲೂರಿನ ಚೆನ್ನಕೇಶವನ ತೇರು ಚೈತ್ರದಲ್ಲಿ. ಹಾಗಾಗಿ ಹೊರದೇಶದ ಮೊಮ್ಮಕ್ಕಳು ತೇರು ಕಂಡಿಲ್ಲ, ಜಡಿಮಳೆಯಲ್ಲಿ ಕೊಡೆ ಹಿಡಿದು ದೇವಸ್ಥಾನ ನೋಡುತ್ತಾರೆ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಅಲ್ಲಿಗೂ ಹಳೇಬೀಡಿಗೂ ಒಮ್ಮೆ ಹೋಗಿ ಫೋಟೋ ತೆಗೆಯುವುದು ಕಡ್ಡಾಯವಾಗಿದೆ. ಅದಲ್ಲದೆ ಗಂಡನ ಕಡೆಯ ಎಲ್ಲ ಮನೆಗಳ ಊಟ, ಹರಕೆ, ಕಣ್ಣಿನ ಪರೀಕ್ಷೆ, ಹಲ್ಲಿನ ಡಾಕ್ಟರು, ರೇಷ್ಮೆ ಸೀರೆ. ಆರು ವಾರ ಹೀಗೆ ಓಡಿ, ಬಂದಾಗಿನದಕ್ಕಿಂತ ಹೆಚ್ಚು ಬಳಲಿ ವಿಮಾನ ಹತ್ತುತ್ತಾಳೆ. ಒಂದಷ್ಟು ದಿನ ಯಾರ ಮನೆಗೂ ಹೋಗದೆ, ಯಾರೂ ಬಾರದೆ, ತವರಿನ ಜಗಲಿಯಲ್ಲಿ ಸುಮ್ಮನೆ ಕೂರಲು ಬಿಡಿ. ಅವಳ ಹಳೆಯ ಗೆಳತಿಯನ್ನು ಮಾತ್ರ ಕರೆಯಿರಿ.

ಪೂರ್ತಿ ಮರಳಿ ಬಂದವರ ಕಷ್ಟವನ್ನು ಯಾರೂ ಕಷ್ಟ ಎಂದೇ ಎಣಿಸುವುದಿಲ್ಲ. ಮೂರು ದೇಶ ಸುತ್ತಿ ಅರಸೀಕೆರೆಗೆ ಬಂದ ರಾಯಭಾರ ಕಚೇರಿಯ ನೌಕರರೊಬ್ಬರ ಪತ್ನಿ ಶಾಲೆಯೊಂದರ ಸಂದರ್ಶನಕ್ಕೆ ಹೋದರು. ‘ಇಷ್ಟು ವರ್ಷ ಏನು ಮಾಡ್ತಿದ್ರಿ?’ ಎಂದು ಕೇಳಿದರಂತೆ. ‘ಮನೇಲಿದ್ದೆ’ ಎಂದು ಬಂದುಬಿಟ್ಟರು. ನಾವಿಬ್ಬರೂ ಕೂತು ಆ ವರ್ಷಗಳನ್ನು ಕಾಗದದ ಮೇಲೆ ಬರೆದೆವು. ಎರಡು ಹೊಸ ಭಾಷೆಗಳಲ್ಲಿ ಸಂತೆ ಮಾಡುವಷ್ಟು ಮಾತು, ಇಬ್ಬರು ಮಕ್ಕಳಿಗೆ ಮೂರು ಬಗೆಯ ಪಠ್ಯಕ್ರಮ, ರಾಯಭಾರ ಕಚೇರಿಯ ಗಣರಾಜ್ಯೋತ್ಸವಕ್ಕೆ ಮಕ್ಕಳ ನಾಟಕ ಕಟ್ಟಿದ್ದು, ಸಂಬಳವಿಲ್ಲದೆ ಹಿಂದಿ ಕಲಿಸಿದ್ದು, ಹೊಸದಾಗಿ ಬಂದ ಕುಟುಂಬಗಳಿಗೆ ಆಸ್ಪತ್ರೆ ತೋರಿಸಿದ್ದು. ಎರಡು ಪುಟ ತುಂಬಿತು. ಮುಂದಿನ ಅರ್ಜಿಗೆ ಅದನ್ನೇ ಲಗತ್ತಿಸಿದರು. ಈಗ ಪ್ರೌಢಶಾಲೆಯ ಮಕ್ಕಳಿಗೆ ಇಂಗ್ಲಿಷ್ ಹೇಳುತ್ತಾರೆ, ಸಂಬಳ ಅವರ ಖಾತೆಗೇ ಬರುತ್ತದೆ.

ಅಂಥವರು ನಮ್ಮ ಮೂರೂ ಊರುಗಳಲ್ಲಿ ಇನ್ನೂ ಇದ್ದಾರೆ. ಶಾಲೆ, ಕಾಲೇಜು, ಸಹಕಾರ ಸಂಘ ನಡೆಸುವವರು ಅವರ ಆ ಎರಡು ಪುಟಗಳನ್ನು ಓದಿ, ನಡುವೆ ವರ್ಷಗಳು ಬಿಟ್ಟುಹೋಗಿವೆ ಎಂದು ಅರ್ಜಿ ಪಕ್ಕಕ್ಕಿಡುವ ಮೊದಲು.